ಮೂಸಬ್ಬ ನೀರು ಹಾಕಿದ ಹುಲ್ಲು

ಮೂಸಬ್ಬ ತೀರಿಕೊಂಡ. 2002ರ ಆಗಸ್ಟ್ ತಿಂಗಳ ಒಂದು ಸೋಮವಾರ, ಬೆಳಗಿನ ನಮಾಜಿಗೆ ಹೆಂಡತಿ ಅವ್ವಮ್ಮ ಎಬ್ಬಿಸಲು ಹೋದಾಗ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಅದೇ ಸಂಜೆ ದಫನವಾಯಿತು. ಆ ಗುರುವಾರ ಗಂಡ ಹೆಂಡತಿ ಇಬ್ಬರೂ ಅಬುಧಾಬಿಗೆ ಹೋಗುವುದಿತ್ತು. ದುಡಿಯಲಿಕ್ಕಲ್ಲ, ಯಾರ ಬಾಣಂತನಕ್ಕೂ ಅಲ್ಲ. ನಾಲ್ಕು ದಿನ ಸುಮ್ಮನೆ ಇದ್ದು ಬರಲಿಕ್ಕೆ.

ದಫನ ಮುಗಿಸಿ ಹೊರಬರುವಾಗ ಕೊಡೆ ಬಿಡಿಸುತ್ತ ಒಬ್ಬರು ಹೇಳಿದರು, "ಅದೇ ಹಣದಲ್ಲಿ ಮಕ್ಕಾಕ್ಕೆ ಹೋಗಿ ಉಮ್ರಾ ಮಾಡಿ ಬರಬಹುದಿತ್ತು." ಇನ್ನೊಬ್ಬರು, "ಅವನ ಹಠಕ್ಕೆ ದೇವರೇ ಅಡ್ಡ ಬಂದ" ಎಂದರು. ಹೇಳಿದವರು ಕೆಟ್ಟವರಲ್ಲ, ಮಯ್ಯತ್ತಿಗೆ ಹೆಗಲು ಕೊಟ್ಟವರೇ. ಆದರೆ ನಾನು ಅದನ್ನು ಒಪ್ಪುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನೂ ಮೂಸಬ್ಬನೂ ವೇಣೂರಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಏಳನೆಯ ಕ್ಲಾಸು ಮುಗಿದ ಮೇಲೆ ನಾನು ಓದಲು ಮೂಡುಬಿದಿರೆಗೆ ಹೋದೆ, ಅವನು ದುಡಿಯಲು ಬೊಂಬಾಯಿಗೆ ಹೋದ. ನಾನು ತಿರುಗಿ ಬಂದು ಪಂಚಾಯತು ಲೈಬ್ರರಿಯಲ್ಲಿ ಪುಸ್ತಕ ಕೊಡುವ ಕೆಲಸಕ್ಕೆ ಕೂತೆ. ಅವನು ಬೊಂಬಾಯಿಯಿಂದ ಅಬುಧಾಬಿಗೆ ಹೋಗಿ ಹದಿನೇಳು ವರ್ಷ ಹುಲ್ಲಿಗೆ ನೀರು ಹಾಕಿದ.

ಗಲ್ಫಿನಲ್ಲಿ ಎಂತ ಕೆಲಸ ಎಂದು ಕೇಳಿದರೆ ಉಳಿದವರು "ಕಂಪೆನಿಯಲ್ಲಿ" ಎನ್ನುತ್ತಿದ್ದರು. ಮೂಸಬ್ಬ "ಹುಲ್ಲಿಗೆ ನೀರು ಹಾಕುದು" ಎಂದೇ ಹೇಳುತ್ತಿದ್ದ. ಸಮುದ್ರದ ಬದಿಯ ಮರಳಿನ ಮೇಲೆ ಮಣ್ಣು ಹರಡಿ, ಪೈಪು ಹಾಸಿ, ಹುಲ್ಲನ್ನು ತುಂಡು ತುಂಡಾಗಿ ನೆಟ್ಟು, ಉಪ್ಪುಗಾಳಿಗೆ ಅದು ಸುಟ್ಟುಹೋಗದಂತೆ ನೋಡಿಕೊಳ್ಳುವ ಕೆಲಸ. ಸಂಜೆಯಾದರೆ ಆ ಹುಲ್ಲಿನ ಮೇಲೆ ಸಂಸಾರಗಳು ಬಂದು ಚಾದರ ಹಾಸಿ ಕೂರುತ್ತಿದ್ದವು. ಗಂಡ, ಹೆಂಡತಿ, ಮಕ್ಕಳು, ಒಂದು ಫ್ಲಾಸ್ಕ್ ಚಾ. ಕೆಲಸದ ಬಟ್ಟೆ ತೊಟ್ಟವರು ಮಾತ್ರ ಅಲ್ಲಿ ಕೂರಬಾರದೆಂದು ಗುತ್ತಿಗೆಯವರ ಕಾನೂನು. ಅವರ ಊಟ ಪಂಪಿನ ಶೆಡ್ಡಿನ ಹಿಂದೆ. ಒಮ್ಮೆ ಮೊಣಕಾಲು ನೋವೆಂದು ಸ್ವಲ್ಪ ಹೊತ್ತು ಕೂತ ಇವನನ್ನು ಬೈದು ಎಬ್ಬಿಸಿದರಂತೆ.

"ಎಬ್ಬಿಸಿದವ ಅರಬಿ ಅಲ್ಲ ಮಾರಾಯ," ಎಂದು ಅವನು ಹೇಳುತ್ತಿದ್ದ. "ನಮ್ಮ ಬಂಟ್ವಾಳದವನೇ. ತುಳುವಿನಲ್ಲಿ ಬೈದ."

1997ರಲ್ಲಿ ಊರಿಗೆ ಬಂದು ತೋಟದ ಪೈಪು, ಸ್ಪ್ರಿಂಕ್ಲರ್ ರಿಪೇರಿಯ ಸಣ್ಣ ಅಂಗಡಿ ಇಟ್ಟ. ಐದು ವರ್ಷ ಕಳೆದು, ಒಂದು ಮಧ್ಯಾಹ್ನ ಲೈಬ್ರರಿಗೆ ಬಂದು ಪೇಪರು ಮಡಚಿಟ್ಟು ಹೇಳಿದ, "ಧರ್ಣಪ್ಪ, ಅವ್ವಮ್ಮನನ್ನು ಅಬುಧಾಬಿಗೆ ಕರ್ಕೊಂಡು ಹೋಗ್ತೇನೆ."

"ನೀನು ನೋಡಿದ ಊರಲ್ವಾ ಅದು?"

"ಊರು ಎಲ್ಲಿ ನೋಡಿದ್ದು? ನಾನು ಪೈಪು ನೋಡಿದ್ದು."

"ಹೋಗಿ ಎಂತ ಮಾಡ್ತಿ?"

"ಹುಲ್ಲಿನ ಮೇಲೆ ಕೂತ್ಕೊಳ್ಳುದು. ಚಾ ಕುಡಿಯುದು. ಯಾರು ಹೇಳಿದ್ರೂ ಏಳುದಿಲ್ಲ."

ನಾನು ನಕ್ಕೆ. ಅವನು ನಗಲಿಲ್ಲ.

ನಮ್ಮ ಕಡೆ ಊರು ಬಿಡಲು ಕಾರಣ ಬೇಕು. ಆಸ್ಪತ್ರೆ, ಕೋರ್ಟು, ಮದುವೆ, ದೇವರು. ಅದರಲ್ಲಿ ಜಾತಿಧರ್ಮದ ಭೇದವಿಲ್ಲ. ನಮ್ಮ ಬಸದಿಯ ಹಿರಿಯರೂ ಶ್ರವಣಬೆಳಗೊಳಕ್ಕಲ್ಲದೆ ಬೇರೆ ಕಡೆಗೆ ಹೊರಟವರಲ್ಲ. ಕಾರಣವಿಲ್ಲದೆ, ಅದೂ ದುಬಾರಿ ರಾಜಧಾನಿಗೆ, ಅದೂ ಹೆಂಡತಿಯ ಜೊತೆ ಹೋಗುತ್ತೇನೆ ಎಂದವನನ್ನು ಊರು ಸುಮ್ಮನೆ ಬಿಡಲಿಲ್ಲ. ಚಾದಂಗಡಿಯ ನೋಣಯ್ಯ ಎಲ್ಲರೆದುರೇ ಕೇಳಿದ, "ಹುಲ್ಲಿಗೆ ಅಬುಧಾಬಿ ಯಾಕೆ ಬ್ಯಾರಿಗಳೇ? ನನ್ನ ಅಂಗಡಿ ಹಿಂದೆ ದನ ತಿಂದು ಮುಗಿಯದಷ್ಟು ಉಂಟು."

"ಅದು ಮಳೆ ಬೆಳೆಸಿದ್ದು ನೋಣಯ್ಯ. ಅಲ್ಲಿಯದ್ದು ನಾನು ಬೆಳೆಸಿದ್ದು."

ಮಸೀದಿಯ ಹಿರಿಯರಾದ ಅಬ್ದುಲ್ ಸಲಾಂ ಹಾಜಿ ಮೆಲ್ಲಗೆ ಹೇಳಿದರು, "ಅಷ್ಟು ದೂರ ಹೋಗ್ತಿ. ಇನ್ನು ಸ್ವಲ್ಪ ಮುಂದೆ ಹೋದ್ರೆ ಮಕ್ಕಾ."

"ಹೋಗುವ, ಹಾಜಿಯವರೇ. ಅದಕ್ಕೆ ಬೇರೆಯೇ ಮನಸ್ಸು ಕಟ್ಟಿ ನಿಯ್ಯತ್ ಮಾಡ್ತೇನೆ. ಮನಸ್ಸಿನಲ್ಲಿ ಹುಲ್ಲು ಇಟ್ಕೊಂಡು ಅಲ್ಲಿಗೆ ಹೋದ್ರೆ ಅಲ್ಲಾಹನ ಹತ್ರವೇ ಸುಳ್ಳು ಹೇಳಿದ ಹಾಗಾಗ್ತದೆ." ಹಾಜಿಯವರು ತಲೆ ಕೊಡವಿ ನಕ್ಕುಬಿಟ್ಟರು.

ಬಿ.ಸಿ. ರೋಡಿನ ಟ್ರಾವೆಲ್ಸಿನವನು ವೀಸಾದ ಕಾಗದ ತುಂಬಿಸುವಾಗ ಮೂರು ಸಲ ಕೇಳಿದನಂತೆ, ಅಲ್ಲಿ ಕೆಲಸ ಎಂತ ಎಂದು. "ಕೂತ್ಕೊಳ್ಳುದು" ಎಂದನಂತೆ ಇವನು, ಮೂರು ಸಲವೂ.

ಸೋದರಳಿಯ ರಮೀಝ್ ಅಬುಧಾಬಿಯಲ್ಲೇ ಮೊಬೈಲ್ ಅಂಗಡಿಯಲ್ಲಿದ್ದ. ಒಂದು ರೂಮಿನಲ್ಲಿ ಆರು ಜನ. ಫೋನಿನಲ್ಲಿ ಅವನು, "ಮಾಮ, ಹೊಟೇಲಿನ ಬಾಡಿಗೆ ನಿಮಗೆ ಗೊತ್ತಿಲ್ಲ. ನಮ್ಮ ರೂಮಲ್ಲೇ ಒಂದು ಪರದೆ ಕಟ್ಟುವ" ಎಂದ.

"ಪರದೆ ಹಿಂದೆ ಸಾಕಷ್ಟು ಮಲಗಿದ್ದೇನೆ ರಮೀಝ್. ಈ ಸಲ ಬಾಗಿಲು ಬೇಕು. ಒಳಗಿಂದ ಚಿಲಕ ಹಾಕುವ ಬಾಗಿಲು."

ಬಾಗಿಲಿಗೆ ಅವನೇ ದಾರಿ ಹುಡುಕಿದ. ಆಗಸ್ಟಿನಲ್ಲಿ ಆ ಊರಿನ ಹಣವಂತರೆಲ್ಲ ತಂಪು ದೇಶಗಳಿಗೆ ಓಡುತ್ತಾರೆ, ಹೊಟೇಲುಗಳು ಖಾಲಿ ಬಿದ್ದು ಅರ್ಧ ಬಾಡಿಗೆಗೆ ಕರೆಯುತ್ತವೆ. ಆ ಸೆಕೆಗೆ ಯಾರಾದರೂ ಹೋಗುತ್ತಾರಾ ಎಂದೆ. "ಆ ಸೆಕೆಯಲ್ಲಿ ಗುದ್ದಲಿ ಹಿಡಿದವ ನಾನು. ಚಾ ಗ್ಲಾಸು ಹಿಡಿಯಲಿಕ್ಕೆ ಆಗುದಿಲ್ವಾ?" ಎಂದ. ಕಲ್ಲಿಕೋಟೆಯವರೆಗೆ ರೈಲು, ಅಲ್ಲಿಂದ ವಿಮಾನ. ಸಮುದ್ರಕ್ಕೆ ನಡೆದೇ ಹೋಗುವಷ್ಟು ಹತ್ತಿರದ ಹಳೆಯ ಹೊಟೇಲು, ಟ್ಯಾಕ್ಸಿ ಬೇಡ. ಬೆಳಗಿನ ತಿಂಡಿ ಬಾಡಿಗೆಯೊಳಗೇ ಬರುತ್ತದೆ, ಅದನ್ನು ಹೊಟ್ಟೆ ತುಂಬ ತಿನ್ನುವುದು. ಮಧ್ಯಾಹ್ನಕ್ಕೆ ಊರಿನ ಅವಲಕ್ಕಿ, ಒಣಮೀನಿನ ಚಟ್ನಿ. ರಾತ್ರಿ ಮಲೆಯಾಳಿ ಹೊಟೇಲಿನ ಪರೋಟ. ಬರುವಾಗ ಚಿನ್ನ, ಕಂಬಳಿ, ಸೆಂಟು, ಹಾಲಿನ ಪುಡಿ ಯಾವುದೂ ಇಲ್ಲ, ಖಾಲಿ ಕೈ. ಗಲ್ಫಿನಿಂದ ಖಾಲಿ ಕೈಯಲ್ಲಿ ಬಂದವನನ್ನು ನಮ್ಮೂರು ಕಂಡದ್ದೇ ಇಲ್ಲ.

ಇನ್ನೊಂದು ಮಾತನ್ನು ಅವನು ತನ್ನ ಅಂಗಡಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: ಯಾರ ಕಟ್ಟನ್ನೂ ಒಯ್ಯುವುದಿಲ್ಲ. ಜಗಳ ಶುರುವಾದದ್ದು ಅಲ್ಲಿ. ನಮ್ಮ ಕಡೆ ಒಬ್ಬ ಗಲ್ಫಿಗೆ ಹೊರಟರೆ ಅವನ ಪೆಟ್ಟಿಗೆ ಅವನದ್ದಲ್ಲ. ಮಗನಿಗೆ ಉಪ್ಪಿನಕಾಯಿ, ಅಳಿಯನಿಗೆ ಹಲ್ವ, ತಮ್ಮನಿಗೆ ಕಷಾಯದ ಪುಡಿ, ಎಲ್ಲ ಅದರಲ್ಲೇ ಹೋಗಬೇಕು. ಇಲ್ಲ ಎಂದವರಿಲ್ಲ. ಮೂಸಬ್ಬನೂ ಅಷ್ಟು ವರ್ಷ ಹೋಗುವಾಗಲೂ ಬರುವಾಗಲೂ ಹೊತ್ತವನೇ. ಈಗ, "ಟೂರಿಗೆ ಹೋಗುವವ ಅಂಚೆಯವನಲ್ಲ" ಎಂದ.

ಗಂಡಸರು ಅಂಗಡಿಗೆ ಬರುವುದು ನಿಲ್ಲಿಸಿದರು. ಹೆಂಗಸರು ಅಡುಗೆಮನೆಯ ಬಾಗಿಲಿಗೆ ಬಂದರು. ಅವ್ವಮ್ಮನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಬಂದದ್ದನ್ನೆಲ್ಲ ತೆಗೆದುಕೊಂಡು ಅಕ್ಕಿ ಮುಡಿಯ ಹಿಂದೆ ಇಟ್ಟರು. ಅವನು ಸಾಯುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಹಲ್ವದ ಕಟ್ಟಿಗೆ ಇರುವೆ ಸಾಲು ಹತ್ತಿದ್ದರಿಂದ ಎಲ್ಲ ಗೊತ್ತಾಯಿತು.

ಅವನು ಕೂಗಾಡಲಿಲ್ಲ. ಕಟ್ಟುಗಳನ್ನೆಲ್ಲ ಎರಡು ಚೀಲಕ್ಕೆ ತುಂಬಿಸಿ ನನ್ನನ್ನು ಕರೆದ, ಕೊಡೆ ಹಿಡಿಯಲು. ಮಳೆಯಲ್ಲಿ ಮನೆಮನೆಗೆ ಹೋಗಿ ತಿರುಗಿ ಕೊಟ್ಟೆವು. ಕೊನೆಯ ಮನೆ ಪೂವಮ್ಮನದ್ದು. ಅವರ ಮಗ ಜಯಪ್ರಕಾಶನಿಗೆಂದು ಹಲಸಿನ ಹಪ್ಪಳ.

"ಒಂದು ಕಟ್ಟು ಹಪ್ಪಳಕ್ಕೆ ಇಷ್ಟು ಅಹಂಕಾರವಾ ಬ್ಯಾರಿಗಳೇ?" ಎಂದರು ಪೂವಮ್ಮ.

"ಹೌದು ಪೂವಮ್ಮಕ್ಕ. ನಾಲ್ಕು ದಿನಕ್ಕೆ ಮಾತ್ರ. ಐದನೇ ದಿನದಿಂದ ಬಯ್ಯಿರಿ, ಕೇಳ್ತೇನೆ."

ಮನೆಗೆ ಬಂದರೆ ಅವ್ವಮ್ಮ ಚೀಲಕ್ಕೆ ತುಂಬಿದ್ದ ಬಟ್ಟೆಯನ್ನು ತಿರುಗಿ ಕಪಾಟಿಗೆ ಇಡುತ್ತಿದ್ದರು. "ನಾನು ಬರುದಿಲ್ಲ. ಇನ್ನು ಇವರಿಗೆಲ್ಲ ನಾನು ಹೇಗೆ ಮುಖ ತೋರಿಸುದು? ಅಲ್ಲಿಯೂ ಗಂಡಸರ ನಡುವೆ ನೆಲದಲ್ಲಿ ಕೂತ್ಕೊಳ್ಳಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ. ಮದುವೆಯಾಗಿ ಇಷ್ಟು ವರ್ಷ ಆಯ್ತು, ನಿಮ್ಮ ಬದಿಯಲ್ಲಿ ಅಂಗಳದಲ್ಲಾದ್ರೂ ಕೂತಿದ್ದೇನಾ?"

ಅವ್ವಮ್ಮ ಇಲ್ಲದಿದ್ದರೆ ಮೂಸಬ್ಬನಿಗೆ ಆ ಹುಲ್ಲೂ ಬೇಡ, ಬಾಗಿಲೂ ಬೇಡ. ಖಾಲಿ ಚೀಲ ಕೆಳಗಿಟ್ಟು ಹೇಳಿದ, "ಹಾಗಾದ್ರೆ ಇವತ್ತೇ ಕೂತು ನೋಡುವ. ಇಲ್ಲಿ ಕೂತವಳಿಗೆ ಅಲ್ಲಿ ಎಂತದು?"

ಸಂಜೆ ಮಳೆ ಬಿಟ್ಟಿತ್ತು. ಫಲ್ಗುಣಿ ನದಿಯ ಸೇತುವೆಯ ಹತ್ತಿರ, ರಸ್ತೆಗೆ ಕಾಣುವ ಹುಲ್ಲಿನ ಜಾಗದಲ್ಲಿ ಅವನು ಮೊದಲು ಪ್ಲಾಸ್ಟಿಕ್ ಹಾಸಿದ, ಮೇಲೆ ಪ್ರಯಾಣಕ್ಕೆಂದು ತಂದ ಹೊಸ ಚಾದರ. ಕೂತ. ನಾನು ಸೇತುವೆಯ ಕಟ್ಟೆಯ ಮೇಲಿದ್ದೆ. ಅವ್ವಮ್ಮ ಫ್ಲಾಸ್ಕ್ ಹಿಡಿದುಕೊಂಡು ಬಹಳ ಹೊತ್ತು ಅಂಚಿನಲ್ಲಿ ನಿಂತರು. ಬೆಳ್ತಂಗಡಿ ಬಸ್ಸು ನಿಧಾನವಾಯಿತು, ಕಂಡಕ್ಟರ್ ಬಾಗಿಲಿನಿಂದ ಕೇಳಿದ, "ಬ್ಯಾರಿಗಳೇ, ಬರುದುಂಟಾ?"

"ಇಲ್ಲ. ಕೂತದ್ದು."

ಬಸ್ಸಿನ ಕಿಟಕಿಗಳೆಲ್ಲ ಅವರನ್ನೇ ನೋಡಿಕೊಂಡು ಹೋದವು. ಬಸ್ಸು ತಿರುವು ದಾಟಿದ ಮೇಲೆ ಅವ್ವಮ್ಮ ಕೂತರು. ಮೊದಲು ರಸ್ತೆಗೆ ಬೆನ್ನು ಹಾಕಿ, ಮತ್ತೆ ನಿಧಾನ ತಿರುಗಿ ಗಂಡನ ಬದಿಗೆ.

ಹಾಜಿಯವರು ಮಸೀದಿಗೆ ಹೊರಟವರು ರಸ್ತೆಯಲ್ಲೇ ನಿಂತರು. ಅವರನ್ನು ಕಂಡರೆ ಎದ್ದು ನಿಲ್ಲದವರು ನಮ್ಮೂರಲ್ಲಿಲ್ಲ. "ಎಂತ ಮೂಸಬ್ಬ, ಹುಷಾರಿಲ್ವಾ? ನೆಲ ಒದ್ದೆ ಉಂಟು, ಏಳು."

"ಹುಷಾರುಂಟು ಹಾಜಿಯವರೇ. ಬಾಂಗ್ ಕೂಗಿದ್ರೆ ಏಳ್ತೇನೆ. ಅದರವರೆಗೆ ಇಲ್ಲ."

ಅವನು ಫ್ಲಾಸ್ಕಿನ ಮುಚ್ಚಳಕ್ಕೆ ಚಾ ಬಗ್ಗಿಸಿ ಮೊದಲು ಅವ್ವಮ್ಮನಿಗೆ ಕೊಟ್ಟ. ಅವರು ಕುಡಿದು ಏನೋ ಹೇಳಿದರು. ಏನೆಂದು ಆಮೇಲೆ ಅವರೇ ನನಗೆ ತಿಳಿಸಿದರು: "ಗುರುವಾರ ಚಾಕ್ಕೆ ಶುಂಠಿ ಹಾಕುದಿಲ್ಲ. ಅಲ್ಲಿ ಸೆಕೆ ಅಲ್ವಾ."

ಹನಿ ಬೀಳತೊಡಗಿತು. ರಸ್ತೆಯಲ್ಲಿದ್ದವರು ಅಂಗಡಿಗಳ ಮಾಡಿನಡಿಗೆ ಓಡಿದರು, ನಾನೂ ಎದ್ದೆ. ಮೂಸಬ್ಬ ಏಳಲಿಲ್ಲ. ಕೊಡೆ ಬಿಡಿಸಿ ಅವ್ವಮ್ಮನ ಕೈಗೆ ಕೊಟ್ಟು, ಕಾಲು ನೀಡಿ, ತನಗೊಂದು ಚಾ ಬಗ್ಗಿಸಿಕೊಂಡ.