ಬೋರ್ಡಿನ ಮೇಲೆ ಅಂಗಿ

ಸಂಶೋಧನೆ ಹೇಳಿದ್ದು ವಾರ್ಡಿನಲ್ಲಿ ನಡೆಯುವಂತೆ ಮಾಡುವುದು ನನ್ನ ಕೆಲಸ. ತೂಕ ಕಡಿಮೆ ಇರುವ ಕೂಸನ್ನು ಬರಿಮೈಗೆ ಅವಚಿಕೊಂಡರೆ ಬೆಚ್ಚಗಿರುತ್ತದೆ, ಅಮ್ಮನಿಗೆ ಆಗದಿದ್ದರೆ ಅಪ್ಪನ ಎದೆಯೂ ನಡೆಯುತ್ತದೆ ಎಂದು ಹರಿಹರದ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆಯೆಲ್ಲ ಪಾಠ ಮಾಡಿದೆ. ನರ್ಸುಗಳು ತಲೆಯಾಡಿಸಿದರು. ಆ ಹುಮ್ಮಸ್ಸಿನಲ್ಲಿ 'ಅಪ್ಪಂದಿರೇ, ಒಳಗೆ ಬನ್ನಿ, ಕೂಸನ್ನು ಎದೆಗೆ ಹಾಕಿಕೊಳ್ಳಿ' ಎಂಬ ಪೋಸ್ಟರನ್ನು ಬಾಣಂತಿಯರ ವಾರ್ಡಿನ ಬಾಗಿಲಿಗೆ ನಾನೇ ಅಂಟಿಸಿದೆ.

ಮಧ್ಯಾಹ್ನ ರಫೀಕ್ ಬಂದರು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ವಾರ್ಡಿನೊಳಗಿದ್ದ ಹೆಂಡತಿಗೆ ಜೋರು ಜ್ವರ, ಮೂರು ದಿನದ ಮಗಳ ಕೈಕಾಲು ತಣ್ಣಗಾಗಿದ್ದವು. ಓಡಿ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಸರ್, ಇದ್ರಾಗೆ ಯಾವ್ದು ಕೇಳ್ಲಿ?"

ನನ್ನ ಪೋಸ್ಟರಿನ ಮೇಲುಗಡೆಯೇ ಹಳೇ ಬೋರ್ಡು ನೇತಾಡುತ್ತಿತ್ತು: ಗಂಡಸರಿಗೆ ಪ್ರವೇಶವಿಲ್ಲ.

ಹಿರಿಯ ಸಿಸ್ಟರ್ ಕಡೆ ನೋಡಿದೆ. "ಬೋರ್ಡು ತೆಗಿಯಾಕೆ ಆರ್ಡರ್ ಬೇಕ್ರಿ ಸರ್," ಎಂದರು. "ಪರದೆ ಕಟ್ಟೀನಿ, ಕುರ್ಚಿ ಹಾಕೀನಿ. ಆದ್ರೆ ಬೋರ್ಡು ಎದ್ರಿಗೇ ಕಾಣ್ತೈತಲ್ಲ, ಹೆಂಗೆ ಬಿಡ್ಲಿ?"

ರಫೀಕ್ ಬೋರ್ಡನ್ನೂ ಪೋಸ್ಟರನ್ನೂ ಇನ್ನೊಮ್ಮೆ ನೋಡಿದರು. ಆಮೇಲೆ ಅಂಗಿ ಬಿಚ್ಚಿ ಬೋರ್ಡಿನ ಮೊಳೆಗೇ ನೇತುಹಾಕಿದರು. ಒಂದಕ್ಷರವೂ ಕಾಣಲಿಲ್ಲ.

"ಈಗ ಬರ್ರಿ," ಎಂದರು ಸಿಸ್ಟರ್, ನಗು ನುಂಗಿಕೊಂಡು.

ಸ್ವಲ್ಪ ಹೊತ್ತಿಗೆ ಕೂಸು ಬೆಚ್ಚಗಾಗಿ ನಿದ್ದೆ ಹೋಯಿತು. "ಭಟ್ಟಿ ಮುಂದೆ ಕಾದಿರೋ ಮೈ ಸರ್," ಎಂದರು ರಫೀಕ್. ಸಂಜೆಯಾದರೂ ಕೂಸನ್ನು ಯಾರಿಗೂ ಕೊಡಲೊಲ್ಲರು.

ಹೋದ ವಾರ ಮತ್ತೆ ಹೋಗಿದ್ದೆ. ಆರ್ಡರ್ ಇನ್ನೂ ಬಂದಿಲ್ಲ. ಬೋರ್ಡಿನ ಮೇಲೆ ಮೂರು ಅಂಗಿ ಇದ್ದವು, ನಾಲ್ಕನೆಯದು ಕೆಳಗೆ ಬಿದ್ದಿತ್ತು. "ಇನ್ನೆರಡು ಮೊಳೆ ಹೊಡಸ್ರಿ ಸರ್," ಎಂದರು ಸಿಸ್ಟರ್. ಮೊಳೆಗೆ ಆರ್ಡರ್ ಬೇಡವಂತೆ.