ಮನೆಗೆಲ್ಲ ಪಥ್ಯ

ಐವತ್ತರ ದಶಕದಲ್ಲಿ ಮಂಡಿ ಮೊಹಲ್ಲಾದ ಡಿಸ್ಪೆನ್ಸರಿಯ ನರ್ಸಮ್ಮ ಯಾರ ಮನೆಗೆ ಬಂದರೂ ನೇರ ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಮುಚ್ಚಳ ತೆಗೆಯುತ್ತಿದ್ದರು. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ. ಅಮ್ಮ ಅವರೊಬ್ಬರಿಗೇ ಸಪ್ಪೆ ಕಾಫಿ ಕೊಡುತ್ತಿದ್ದಳು. “ಮಕ್ಕಳಿಗೂ ಬರಬಾರ್ದು ಅಂದ್ರೆ ಪಥ್ಯ ಮನೆಗೆಲ್ಲ ಕಣಮ್ಮ,” ಎಂದು ನರ್ಸಮ್ಮ ವಾರವಾರ ಬಂದು ಗದರಿದರು. ಗೊಣಗುತ್ತಲೇ ನಾವೂ ಸಪ್ಪೆ ಕಾಫಿಗೆ ಒಗ್ಗಿಕೊಂಡೆವು.

ಅಕ್ಕನನ್ನು ನೋಡಲು ಗಂಡಿನವರು ಬಂದಾಗಲೂ ಅವಳು ಅದೇ ಕಾಫಿ ಕೊಟ್ಟಳು. ಹುಡುಗನ ತಂದೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅಮ್ಮನ ಮುಖ ಬಿಳಿಚಿಕೊಂಡಿತು.

“ಸಕ್ಕರೆ ಮರ್ತ್‌ಬುಟ್ಯೇನಮ್ಮ?” ಎಂದು ಅವರು ಅಕ್ಕನನ್ನು ಕೇಳಿದರು.

“ಮರೆತಿಲ್ಲ. ನಮ್ಮಲ್ಲಿ ಪಥ್ಯ ಮನೆಗೆಲ್ಲ,” ಎಂದಳು ಅಕ್ಕ.

ಅವರು ಲೋಟ ಮತ್ತೆ ಎತ್ತಿಕೊಂಡರು. “ನನಗೆ ಸಕ್ಕರೆ ಕಾಯ್ಲೆ ಕಣಮ್ಮ. ನಮ್ಮನೇಲಿ ನಂಗೊಬ್ಬನಿಗೇ ಬೇರೆ ಲೋಟ. ನೀನು ಬಂದ್ಬುಡು ತಾಯಿ!”

ಮದುವೆಯಾದ ತಿಂಗಳಿಗೆ ನರ್ಸಮ್ಮ ನಜರ್‌ಬಾದಿನಲ್ಲಿದ್ದ ಅಕ್ಕನ ಗಂಡನ ಮನೆಯ ಅಡುಗೆಮನೆಗೂ ನುಗ್ಗಿ ಮುಚ್ಚಳ ತೆಗೆದರು. ಸಕ್ಕರೆ ಡಬ್ಬಿಯ ತುಂಬ ಹೆಸರುಕಾಳು ಇತ್ತು.