ಕೆಮ್ಮಿದಾಗ ಕಂಡದ್ದು

ಡಾಕ್ಟರ್ ಮೇಡಂ ಅವರ ಬಲಗೈ ಬೆರಳುಗಳ ತುದಿ ತೊನ್ನಿನಿಂದ ಬೆಳ್ಳಗಾಗಿತ್ತು. ಆ ಕೈಯನ್ನು ಅವರು ಮುಚ್ಚಿಕೊಳ್ಳುತ್ತಿರಲಿಲ್ಲ. ರೋಗಿ ಮಾತಾಡತೊಡಗಿದರೆ ಪೆನ್ನನ್ನು ಕೋಟಿನ ಜೇಬಿಗಿಟ್ಟು, ಕುರ್ಚಿ ಹತ್ತಿರ ಎಳೆದುಕೊಳ್ಳುವರು. “ಬರೀ ಕೇಳಬ್ಯಾಡ್ರಿ, ಆಕಿ ಹೆಂಗ ಕುಂತಾಳ ನೋಡ್ರಿ” ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು.

ನಾನು ಹತ್ತಿಕುಣಿಯ ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ನಾಟಕ ಕಲಿಸುತ್ತೇನೆಂದು ಕೇಳಿ ಮೇಡಂ ನನ್ನನ್ನು ಯಾದಗಿರಿಯ ಮೆಡಿಕಲ್ ಕಾಲೇಜಿಗೆ ಕರೆಸಿದ್ದರು. ಮುಂದೆ ಡಾಕ್ಟರಾಗುವ ಹುಡುಗರ ಎದುರು ನಾನು ರೋಗಿಯಂತೆ ನಟಿಸಬೇಕು. ಅವರು ನನ್ನನ್ನು ಮಾತಾಡಿಸಿ ಕಲಿಯಬೇಕು. ಆವತ್ತು ನನ್ನದು ತಲೆನೋವಿನ ಪಾತ್ರ. ಹಣೆ ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ ಚೆನ್ನಾಗಿಯೇ ನಟಿಸಿದೆ. ನಡುವೆ ನಿಜವಾದ ಕೆಮ್ಮು ಬಂತು.

ಎಲ್ಲರೂ ಹೋದ ಮೇಲೆ ಮೇಡಂ ಬಾಗಿಲು ಮುಂದೆ ಮಾಡಿ ಬಂದು ಕೂತರು.

“ತಲಿನೋವು ಚೊಲೋ ಮಾಡಿದ್ರಿ ಟೀಚರ್. ಆದ್ರ ಕೆಮ್ಮು ಬಂದಾಗ ಕಾಲು ಬಿಗಿ ಹಿಡಿದ್ರಲ್ಲ, ಅದು ನಾಟಕ ಅಲ್ಲ. ಎಷ್ಟು ದಿನ ಆತ್ರಿ?”

ನನ್ನ ಮುಖ ಸುಟ್ಟಂತಾಯಿತು. ಮಗಳು ಹುಟ್ಟಿದಾಗಿನಿಂದ ಕೆಮ್ಮಿದರೆ, ಸೀನಿದರೆ ಉಚ್ಚೆ ಸೋರುತ್ತಿತ್ತು. ವಾಸನೆ ಬಂದೀತೆಂದು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬರುತ್ತಿದ್ದೆ. ಗಂಡನಿಗೂ ಹೇಳಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟೆ.

ಮೇಡಂ ನನ್ನನ್ನು ರಮಿಸಲಿಲ್ಲ. ತಮ್ಮ ಬಿಳಿ ಬೆರಳುಗಳನ್ನು ಮುಂದೆ ಚಾಚಿದರು. “ಈ ಕೈಲೆ ಕೊಟ್ಟ ಚಹಾ ಕುಡಿಯದವರು ನಮ್ಮ ಮನ್ಯಾಗೇ ಅದಾರ. ನಾಚಿಕಿ ಅಂದ್ರೇನು ನಂಗೂ ಗೊತ್ತದ. ನಿಮ್ದು ಆರಾಮ ಆಗ್ತದ್ರಿ.”

ತಪಾಸಣೆ ಮಾಡಿ, ಉಚ್ಚೆ ತಡೆಯುವ ಸ್ನಾಯು ಬಿಗಿ ಮಾಡುವ ವ್ಯಾಯಾಮ ಕಲಿಸಿದರು. ಕೆಲವು ತಿಂಗಳಲ್ಲಿ ಸೋರುವುದು ಬಹುಮಟ್ಟಿಗೆ ನಿಂತಿತು. ಆಮೇಲೊಮ್ಮೆ, ಇದೇ ತೊಂದರೆಯ ಪಾತ್ರ ಮಾಡುತ್ತೀರಾ ಎಂದು ಕೇಳಿದರು. ಅಷ್ಟು ಹುಡುಗರ ಮುಂದೆ ಹೇಗೆಂದು ನಾನು ನೆಲ ನೋಡಿದೆ. ಅವರು ಮತ್ತೆಂದೂ ಕೇಳಲಿಲ್ಲ.

ಹೋದ ವರ್ಷ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಮೈಕು ಕೈಗೆ ಬಂದಾಗ, ಬಹಳ ಒಳ್ಳೆಯವರಿದ್ದರು ಎಂದಷ್ಟೇ ಹೇಳಿ ಕೂತೆ. ನನಗೆ ಅವರು ಮಾಡಿದ್ದೇನೆಂದು ಹೇಳಲು ನಾಲಿಗೆ ಏಳಲಿಲ್ಲ. ಅದು ಬಹಳ ದಿನ ಒಳಗೇ ಕೊರೆಯಿತು.

ಮೊನ್ನೆ ಬಾಣಂತನಕ್ಕೆ ಬಂದ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳ ಬೆನ್ನ ಹಿಂದೆ ಕೂತಿದ್ದೆನಲ್ಲ, ನನ್ನ ಮುಖ ಕಾಣದೆಂಬ ಧೈರ್ಯದಲ್ಲಿ ನನ್ನ ತೊಂದರೆ, ಮೇಡಂ ವಿಷಯ ಎಲ್ಲವನ್ನೂ ಹೇಳಿಬಿಟ್ಟೆ.

“ಯವ್ವಾ,” ಎಂದಳು ತಿರುಗದೆ. “ನಂಗೂ ಹಂಗೇ ಆಗಾಕತ್ತದ.”